ಐದು ನಿಂಬೆಹಣ್ಣು ಕೊಡು ಅಂದರೆ

ಇಪ್ಪತ್ತರ ತನಕ ಎಲ್ಲೂ ತಡವರಿಸದೆ ಎಣಿಸುವ ಮೂರು ವರ್ಷದ ಮಗುವಿನ ಮುಂದೆ ಒಂದು ಬುಟ್ಟಿ ನಿಂಬೆಹಣ್ಣು ಇಟ್ಟು, "ನಂಗೆ ಐದು ಕೊಡು" ಅಂತ ಕೇಳಿ ನೋಡಿ. ಹೆಚ್ಚಿನ ಮಕ್ಕಳು ಎರಡೂ ಕೈಗೆ ಸಿಕ್ಕಷ್ಟು ಬಾಚಿ ಕೊಡುತ್ತವೆ. "ಎಣಿಸು, ಐದಿದೆಯಾ ನೋಡೋಣ" ಅಂದರೆ ಒಂದೊಂದನ್ನೇ ಮುಟ್ಟಿ, ಒಂದನ್ನೂ ಬಿಡದೆ, "ಐದು, ಆರು, ಏಳು" ಅಂತ ಸರಿಯಾಗಿಯೇ ಮುಗಿಸುತ್ತವೆ. "ಹಾಗಾದ್ರೆ ಐದು ಕೊಟ್ಟಿದೀಯಾ?" ಅಂದರೆ "ಹೂಂ, ಕೊಟ್ಟೆ!"

ನಮ್ಮ ಮನೆಯಲ್ಲಿ ಇದು ನಡೆದದ್ದು ಉಪ್ಪಿನಕಾಯಿ ಹಾಕುವ ದಿನ. ನಮ್ಮಮ್ಮ ಈಳಿಗೆಮಣೆಯ ಮೇಲೆ ಕೂತಿದ್ದರು, ಮಗಳು ನಿಂಬೆಹಣ್ಣು ಎತ್ತಿಕೊಡುವ ಕೆಲಸಕ್ಕೆ ನಿಂತಿದ್ದಳು. "ಒಂದು ಕೊಡು ಮರಿ" ಅಂದರೆ ಒಂದೇ. "ಎರಡು" ಅಂದರೆ ಕೈಗೊಂದರಂತೆ ಎರಡು. "ಮೂರು" ಅಂದಾಗ ಅರೆಕ್ಷಣ ತಡೆದು ಮೂರು. "ನಾಲ್ಕು ಕೊಡು" ಅಂದದ್ದೇ ತಡ, ಲಂಗದ ಮಡಿಲ ತುಂಬ ಬಾಚಿ ತಂದು ಸುರಿದಳು. ಅಮ್ಮ ನಕ್ಕುಬಿಟ್ಟರು. "ಇವಳಿಗೆ ಮೂರು ದಾಟಿದ ಮೇಲೆ ಎಲ್ಲಾ ಒಂದೇ ಕಣೋ!"

ಕ್ಯಾರೆನ್ ವಿನ್ ಎಂಬ ಮನಶ್ಶಾಸ್ತ್ರಜ್ಞೆ 1990ರ ಆಸುಪಾಸಿನಲ್ಲಿ ಪುಟ್ಟ ಮಕ್ಕಳ ಜೊತೆ ಕೂತು ಕಂಡುಕೊಂಡದ್ದೂ ಹೆಚ್ಚುಕಡಿಮೆ ಇದನ್ನೇ. ಆಟದ ಸಾಮಾನಿನ ರಾಶಿಯಿಂದ ಇಂತಿಷ್ಟು ತೆಗೆದುಕೊಡು ಅಂತ ಮಗುವನ್ನು ಕೇಳುವುದು, ಅಷ್ಟೇ ಪರೀಕ್ಷೆ. ಮೊದಲಿಗೆ ಮಗುವಿಗೆ "ಒಂದು" ಅಂದರೆ ಮಾತ್ರ ಅರ್ಥ ಗೊತ್ತಿರುತ್ತದೆ. ಉಳಿದ ಹೆಸರುಗಳೆಲ್ಲ "ಒಂದಲ್ಲದ್ದು, ಜಾಸ್ತಿ" ಅಷ್ಟೇ. ಎಷ್ಟೋ ತಿಂಗಳ ಮೇಲೆ "ಎರಡು" ಕೂಡುತ್ತದೆ. ಮತ್ತೆಷ್ಟೋ ತಿಂಗಳಿಗೆ "ಮೂರು". ಆಮೇಲೆ, ಸಾಮಾನ್ಯವಾಗಿ ಮೂರೂವರೆ-ನಾಲ್ಕು ವರ್ಷದ ಹೊತ್ತಿಗೆ, ಮಗು ನಾಲ್ಕು, ಐದು, ಆರು ಅಂತ ಒಂದೊಂದಾಗಿ ಕಲಿಯುತ್ತ ಕೂರುವುದಿಲ್ಲ. ಎಣಿಸಿ ನಿಲ್ಲಿಸಿದ ಕೊನೆಯ ಹೆಸರೇ "ಒಟ್ಟು ಎಷ್ಟು" ಅನ್ನುವುದಕ್ಕೆ ಉತ್ತರ ಎಂಬುದು ಹೊಳೆದುಬಿಡುತ್ತದೆ. ಅಲ್ಲಿಂದ ಮುಂದೆ ಎಷ್ಟು ಕೇಳಿದರೂ ಎಣಿಸಿ ಕೊಡುತ್ತದೆ.

ಈ ನಡುವಿನ ಅವಧಿ ಒಂದು ವರ್ಷಕ್ಕೂ ಮೀರಬಹುದು. ಅಷ್ಟೂ ಕಾಲ ಮಗು ಬಾಯಲ್ಲಿ ಇಪ್ಪತ್ತರ ತನಕ ಪಟಪಟ ಹೇಳುತ್ತಿರುತ್ತದೆ. ನಾವು "ಎಣಿಕೆ ಬಂತು" ಅಂತ ಬೀಗುತ್ತಿರುತ್ತೇವೆ. ಮೈಸೂರಿಂದ ಅರಸೀಕೆರೆವರೆಗಿನ ಸ್ಟೇಷನ್ನುಗಳ ಹೆಸರನ್ನು ಸಾಲಾಗಿ ಹೇಳಬಲ್ಲವನು ಆ ಊರುಗಳನ್ನು ಕಂಡಿರಲೇಬೇಕು ಅಂತೇನೂ ಇಲ್ಲವಲ್ಲ, ಹಾಗೆ.

ಎಣಿಸುವುದು ಅಂದರೇನು ಎಂಬುದನ್ನು ಬಿಡಿಸಿ ಬರೆದವರು ರೋಷೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟೆಲ್, 1978ರಲ್ಲಿ. ಹೆಸರುಗಳು ಪ್ರತಿಸಲವೂ ಅದೇ ಕ್ರಮದಲ್ಲಿ ಬರಬೇಕು. ಒಂದು ವಸ್ತುವಿಗೆ ಒಂದೇ ಹೆಸರು, ಎರಡು ಸಲ ಮುಟ್ಟುವಂತಿಲ್ಲ, ಬಿಡುವಂತಿಲ್ಲ. ಕೊನೆಯ ಹೆಸರು ಇಡೀ ಗುಂಪಿಗೆ ಸಲ್ಲುತ್ತದೆ. ನಿಂಬೆಹಣ್ಣಾದರೂ ಸರಿ, ಕಾಗೆಯ ಕೂಗಾದರೂ ಸರಿ, ಎಣಿಸಬಹುದು. ಎಡದಿಂದ ಹೊರಟರೂ ಬಲದಿಂದ ಹೊರಟರೂ ಮೊತ್ತ ಬದಲಾಗುವುದಿಲ್ಲ. ದೊಡ್ಡವರಾದ ನಮಗೆ ಇವನ್ನು ನಿಯಮ ಅಂತ ಕರೆಯುವುದೇ ಅತಿ ಅನ್ನಿಸಬಹುದು. ಇವುಗಳ ಮೂಲ ತಿಳಿವಳಿಕೆ ಮಗುವಿಗೆ ಹುಟ್ಟಿನಿಂದಲೇ ಇರುತ್ತದೆ ಎಂಬುದು ಆ ಇಬ್ಬರ ವಾದವಾಗಿತ್ತು. ವಿನ್ ಅವರ "ಇಷ್ಟು ಕೊಡು" ಪರೀಕ್ಷೆ ಆ ವಾದಕ್ಕೆ ದೊಡ್ಡ ಪೆಟ್ಟು ಕೊಟ್ಟಿತು. ಹೊರಗಿನಿಂದ ನೋಡಿದರೆ ಮಗು ನಿಯಮಗಳನ್ನು ಪಾಲಿಸುತ್ತಿದೆ ಅನ್ನಿಸುತ್ತದೆ, ಆದರೆ ಯಾಕೆ ಅಂತ ಅದಕ್ಕಿನ್ನೂ ಗೊತ್ತಿಲ್ಲ.

ಹಾಗಂತ ಹುಟ್ಟುವಾಗ ಮಗುವಿನ ತಲೆ ಖಾಲಿ ಹಲಗೆಯೇನಲ್ಲ. ಇದೇ ವಿನ್ 1992ರಲ್ಲಿ ಐದು ತಿಂಗಳ ಕೂಸುಗಳಿಗೆ ಒಂದು ಗೊಂಬೆಯಾಟ ತೋರಿಸಿದರು. ಪುಟ್ಟ ವೇದಿಕೆ ಮೇಲೆ ಒಂದು ಗೊಂಬೆ, ಅದಕ್ಕೆ ಅಡ್ಡ ಪರದೆ, ಪರದೆಯ ಹಿಂದಕ್ಕೆ ಇನ್ನೊಂದು ಗೊಂಬೆ ಹೋಗುವುದನ್ನು ಮಗು ನೋಡುತ್ತದೆ. ಪರದೆ ಬೀಳಿಸಿದಾಗ ಎರಡಿದ್ದರೆ ಸುಮ್ಮನೆ ನೋಡುತ್ತದೆ. ಒಂದೇ ಇದ್ದರೆ ಹೆಚ್ಚು ಹೊತ್ತು ದಿಟ್ಟಿಸುತ್ತದೆ. ಇನ್ನು ಫೆ ಷು ಮತ್ತು ಎಲಿಜಬೆತ್ ಸ್ಪೆಲ್ಕಿ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆರು ತಿಂಗಳ ಕೂಸುಗಳು 8 ಚುಕ್ಕೆಗೂ 16 ಚುಕ್ಕೆಗೂ ವ್ಯತ್ಯಾಸ ಗುರುತಿಸಿದವು, 8ಕ್ಕೂ 12ಕ್ಕೂ ಗುರುತಿಸಲಿಲ್ಲ. ಅಂದರೆ ಅಲ್ಲಿ ಕೆಲಸ ಮಾಡುತ್ತಿರುವುದು ಎಣಿಕೆಯಲ್ಲ, ಅಂದಾಜು. ಒಂದು ರಾಶಿ ಇನ್ನೊಂದರ ದುಪ್ಪಟ್ಟಿದ್ದರೆ ತಿಳಿಯುತ್ತದೆ, ಒಂದೂವರೆ ಪಟ್ಟು ಆದರೆ ಆ ವಯಸ್ಸಿಗೆ ತಿಳಿಯುವುದಿಲ್ಲ. ಬೆಳೆಯುತ್ತ ಈ ಅಂದಾಜು ಹರಿತವಾಗುತ್ತದೆ.

ಹೀಗೆ ಮಗು ಎರಡು ಬಗೆಯ ಅರಿವನ್ನು ಜೊತೆಗಿಟ್ಟುಕೊಂಡೇ ಬರುತ್ತದೆ: ಮೂರರ ತನಕ ಕಣ್ಣಿಗೇ ತಿಳಿಯುವ ಖಚಿತ ಲೆಕ್ಕ, ಅದರಾಚೆಗೆ ಹೆಚ್ಚು-ಕಡಿಮೆಯ ಅಂದಾಜು. "ಏಳು" ಎಂಬ ಖಚಿತ ಸಂಗತಿ ಇವೆರಡರಲ್ಲೂ ಇಲ್ಲ. ಅದು ಹೊರಗಿನಿಂದ, ಭಾಷೆಯ ಮೂಲಕ ಬರಬೇಕು. ಅಮೆಜಾನ್ ಕಾಡಿನ ಮುಂಡುರುಕು ಜನರ ನುಡಿಯಲ್ಲಿ ಐದರಾಚೆಗೆ ಸಂಖ್ಯೆಯ ಹೆಸರುಗಳಿಲ್ಲ. ಪಿಯರ್ ಪಿಕಾ ಮತ್ತು ಸಂಗಡಿಗರು 2004ರಲ್ಲಿ ವರದಿ ಮಾಡಿದಂತೆ, ದೊಡ್ಡ ರಾಶಿಗಳನ್ನು ಹೋಲಿಸುವುದರಲ್ಲಿ, ಅಂದಾಜಿನಲ್ಲಿ ಕೂಡುವುದರಲ್ಲಿ ಅವರು ಯಾರಿಗೂ ಕಡಿಮೆಯಿರಲಿಲ್ಲ. ಐದಾರು ಚುಕ್ಕೆಯಲ್ಲಿ ಒಂದಿಷ್ಟನ್ನು ಕಳೆದು ಉಳಿದದ್ದು ಸರಿಯಾಗಿ ಎಷ್ಟು ಅಂದಾಗ ಮಾತ್ರ ತಡವರಿಸಿದರು. ಒಂದು, ಎರಡು, ಮೂರು ಎಂಬ ನಮ್ಮ ಸಾಲು ಎಂಥ ದೊಡ್ಡ ಸಲಕರಣೆ ಅನ್ನುವುದು ಅದಿಲ್ಲದ ಕಡೆ ನೋಡಿದಾಗಲೇ ಗೊತ್ತಾಗುವುದು.

ಚೌಕಾಬಾರಕ್ಕೆ ಬರೋಣ. ಅಮ್ಮನಿಗೆ ಮಧ್ಯಾಹ್ನ ನಿದ್ದೆ ಬಾರದ ದಿನಗಳಲ್ಲಿ ಹಜಾರದ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆಯ ಚೌಕ ಬರೆಯುತ್ತಾರೆ. ಕವಡೆ ನಾಲ್ಕು. ಅಂಗಾತ ಬಿದ್ದವು ಎಷ್ಟೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಅಂಗಾತವಾದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಮಗಳು ಈ ಆಟಕ್ಕೆ ಕೂತ ಮೇಲೆ ನಾನು ಪಕ್ಕದಲ್ಲಿ ಪೇಪರ್ ಹಿಡಿದು ಕೂತು ಪೇಪರ್ ಓದದೆ ಇವರನ್ನೇ ನೋಡುವುದು ರೂಢಿಯಾಗಿದೆ.

ಕವಡೆ ಬಿದ್ದ ತಕ್ಷಣ "ಮೂರು!" ಅನ್ನುತ್ತಾಳೆ. ಎಣಿಸುವುದಿಲ್ಲ, ಬೆರಳೂ ಇಡುವುದಿಲ್ಲ. ಕವಡೆಗಳು ಚದುರಿ ಬಿದ್ದರೂ, ಒತ್ತಾಗಿ ಬಿದ್ದರೂ, ಒಂದು ಮಂಚದಡಿಗೆ ಉರುಳಿದರೂ ಅಷ್ಟೆ, ಕಣ್ಣು ಒಂದೇ ಸಲಕ್ಕೆ ಹಿಡಿಯುತ್ತದೆ. ಈ ಕ್ಷಣದ ಎಣಿಕೆಗೆ ಸಂಶೋಧಕರು 1949ರಲ್ಲೇ ಸಬಿಟೈಸಿಂಗ್ ಅಂತ ಹೆಸರಿಟ್ಟಿದ್ದಾರೆ. ಬಾರ ಬಿದ್ದಾಗ ಮಾತ್ರ ಮುಖ ಸಪ್ಪಗಾಗುತ್ತದೆ. "ಅಜ್ಜಿ, ಏನೂ ಬಿದ್ದಿಲ್ಲ." "ಏನೂ ಬೀಳದಿದ್ದರೆ ಎಂಟು ಕಣೇ, ಇನ್ನೊಂದು ಸಲ ಬೇರೆ ಆಡು" ಅಂತ ಅಜ್ಜಿ ಹೇಳಿದರೆ ಇವಳಿಗೆ ನಂಬಿಕೆಯಿಲ್ಲ. ಅವಳ ಕಡೆಯಿಂದ ನೋಡಿದರೆ ನ್ಯಾಯವೇ: ಏನೂ ಇಲ್ಲದ್ದು ಎಂಟಾಗುವುದು ಹೇಗೆ? ಆಟದ ಕಟ್ಟಳೆ, ಒಪ್ಪಿಕೊಳ್ಳಬೇಕು, ಅಷ್ಟೆ. ಮುಂದೆ ಶಾಲೆಯಲ್ಲಿ 10 ಅಂತ ಬರೆದಾಗ ಆ ಸೊನ್ನೆ ಒಂದನ್ನು ಹತ್ತು ಮಾಡುವುದನ್ನೂ ಹೀಗೇ ಒಪ್ಪಿಕೊಳ್ಳಬೇಕಾಗುತ್ತದೆ.

ಕಾಯಿ ನಡೆಸುವಾಗ ಬೇರೆಯೇ ಪೇಚು. ಮೂರು ಬಿದ್ದಿದೆ ಅಂತ ಗೊತ್ತು. ಆದರೆ ಕಾಯಿ ನಿಂತ ಮನೆಯ ಮೇಲೇ ಬೆರಳಿಟ್ಟು "ಒಂದು" ಅಂತ ಶುರು ಮಾಡುತ್ತಾಳೆ; ಹಾಗಾಗಿ ಎರಡೇ ಮನೆ ಮುಂದೆ ಹೋಗಿ ನಿಲ್ಲುತ್ತಾಳೆ. "ನಿಂತ ಮನೆ ಲೆಕ್ಕಕ್ಕಿಲ್ಲ ಮರಿ, ಮುಂದಿನದರಿಂದ ಎಣಿಸು." ಅಮ್ಮ ಇದನ್ನು ದಿನಾ ಹೇಳುತ್ತಾರೆ, ಇವಳು ದಿನಾ ಮರೆಯುತ್ತಾಳೆ. ಇದು ಬರೀ ಮರೆವಲ್ಲ ಅನ್ನಿಸುತ್ತದೆ ನನಗೆ. ವಸ್ತುಗಳನ್ನು ಎಣಿಸುವುದು ಬೇರೆ, ಹೆಜ್ಜೆಗಳನ್ನು ಎಣಿಸುವುದು ಬೇರೆ. ನಿಂಬೆಹಣ್ಣಿನಲ್ಲಿ ಮೊದಲನೆಯದನ್ನು ಮುಟ್ಟಿದರೆ ಒಂದು. ನಡಿಗೆಯಲ್ಲಿ ಮೊದಲ ಮನೆ ಬಿಟ್ಟು ಹೊರಟರೆ ಒಂದು. ಸ್ಕೇಲನ್ನು 0 ಬಿಟ್ಟು 1ರ ಗೆರೆಗೆ ಇಟ್ಟು ಪೆನ್ಸಿಲ್ ಅಳೆಯುವ ಮಕ್ಕಳನ್ನು ಯಾವ ಪ್ರೈಮರಿ ಶಾಲೆಗೆ ಹೋದರೂ ನೋಡಬಹುದು. ಅಲ್ಲಿರುವ ತೊಡಕೂ ಇದೇ.

ಅಮೆರಿಕದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ 2008ರಲ್ಲಿ ಬಡ ಕುಟುಂಬಗಳ ನಾಲ್ಕೈದು ವರ್ಷದ ಮಕ್ಕಳಿಗೆ ಇಂಥದ್ದೇ ಸರಳ ಆಟ ಆಡಿಸಿದರು. ಒಂದೇ ಸಾಲಿನಲ್ಲಿ 1ರಿಂದ 10ರ ತನಕ ಮನೆ, ಮನೆಯಲ್ಲಿ ಅಂಕಿ. ಇನ್ನೊಂದು ಗುಂಪಿಗೆ ಅದೇ ಹಲಗೆ, ಅಂಕಿಯ ಬದಲು ಬಣ್ಣ. ಎರಡು ವಾರದಲ್ಲಿ ಹದಿನೈದು-ಹದಿನೈದು ನಿಮಿಷದಂತೆ ನಾಲ್ಕು ಸಲ ಆಡಿದ್ದಷ್ಟೆ. ಅಂಕಿ ಹಲಗೆಯ ಮಕ್ಕಳು ಯಾವ ಸಂಖ್ಯೆ ಎಷ್ಟು ದೊಡ್ಡದು ಅಂತ ತಿಳಿಯುವುದರಲ್ಲಿ ಎದ್ದು ಕಾಣುವಷ್ಟು ಮುಂದೆ ಬಂದರು, ಒಂಬತ್ತು ವಾರದ ಮೇಲೂ ಅದು ಉಳಿದಿತ್ತು. ಬಣ್ಣದ ಹಲಗೆಯವರು ಇದ್ದಲ್ಲೇ ಇದ್ದರು.

ಇದನ್ನು ಓದಿದ ಕೂಡಲೇ "ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು, ಚೌಕಾಬಾರದಲ್ಲೇ ಗಣಿತವಿದೆ" ಅಂತ ವಾಟ್ಸಾಪಿನಲ್ಲಿ ಹಾಕುವ ಆಸೆ ಯಾರಿಗಾದರೂ ಬರುತ್ತದೆ. ಸ್ವಲ್ಪ ತಡೆಯಿರಿ. ಮರುವರ್ಷವೇ ಅದೇ ಇಬ್ಬರು ವೃತ್ತಾಕಾರದ ಹಲಗೆಯಲ್ಲಿ ಅದೇ ಆಟ ಆಡಿಸಿದರು. ಆ ಲಾಭ ಸಿಗಲಿಲ್ಲ. ಸಂಖ್ಯೆ ಬೆಳೆದಂತೆ ದೂರವೂ ಒಂದೇ ದಿಕ್ಕಿಗೆ ಬೆಳೆಯುವುದು ಕಣ್ಣಿಗೆ ಕಾಣಬೇಕು. ಚೌಕಾಬಾರದ ದಾರಿ ಸುತ್ತಿ ಸುತ್ತಿ ಒಳಗೆ ಹೋಗುತ್ತದೆ, ಮನೆಗಳಲ್ಲಿ ಅಂಕಿಯೂ ಇಲ್ಲ. ಅದು ಕಲಿಸುವುದು ಬೇರೆ ಏನನ್ನೋ. ಹಾವು-ಏಣಿಯಲ್ಲಿ ಅಂಕಿ ಇವೆ. ಆದರೆ 36ರ ಮನೆಯಲ್ಲಿ ನಿಂತು ಮೂರು ಬಿದ್ದಾಗ ನಾವೆಲ್ಲ ಎಣಿಸುವುದು "ಒಂದು, ಎರಡು, ಮೂರು" ಅಂತ. ಎಲಿಡಾ ಲಾಸ್ಕಿ ಮತ್ತು ಸೀಗ್ಲರ್ 2014ರಲ್ಲಿ ತೋರಿಸಿದ್ದು ಇದರ ಬಗ್ಗೆಯೇ: "ಮೂವತ್ತೇಳು, ಮೂವತ್ತೆಂಟು, ಮೂವತ್ತೊಂಬತ್ತು" ಅಂತ ಮನೆಯ ಅಂಕಿಯನ್ನೇ ಹೇಳುತ್ತ ನಡೆದ ಮಕ್ಕಳು ಕಲಿತದ್ದು ಹೆಚ್ಚು. ಹಲಗೆ ಅದೇ, ದಾಳ ಅದೇ; ಬಾಯಲ್ಲಿ ಬರುವ ಮಾತು ಬೇರೆ. ನಮ್ಮ ಮನೆಯಲ್ಲಿ ಈಗ ಹಾವು-ಏಣಿ ಆಡುವಾಗ ಆಟ ನಿಧಾನ, ಗಲಾಟೆ ಜಾಸ್ತಿ.

ಆದರೂ ಚೌಕಾಬಾರವನ್ನು ನಾನು ಬಿಟ್ಟುಕೊಡುವುದಿಲ್ಲ. ತನ್ನ ಸರದಿಗೆ ಕಾಯಬೇಕು. ಬಿದ್ದ ಸಂಖ್ಯೆಯನ್ನು ನೆನಪಿಟ್ಟುಕೊಂಡು ಯಾವ ಕಾಯಿ ನಡೆಸಲಿ ಅಂತ ಯೋಚಿಸಬೇಕು. ಅಜ್ಜಿಯ ಕಾಯಿ ಹೊಡೆಯುವ ಆಸೆ ಅದುಮಿ ತನ್ನ ಕಾಯಿಯನ್ನು ಕಟ್ಟೆಮನೆಗೆ ಸೇರಿಸಬೇಕು. ಲೆಕ್ಕದ ಪುಸ್ತಕದಲ್ಲಿ ಇವು ಯಾವುವೂ ಇಲ್ಲ, ಆದರೆ ಲೆಕ್ಕ ನಿಂತಿರುವುದು ಇವುಗಳ ಮೇಲೆ. ಐದಕ್ಕೆ ಮೂರು ಕೂಡಿಸುವಾಗ ಐದನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು, ಆರು, ಏಳು, ಎಂಟು ಅಂತ ಮುಂದೆ ಹೋಗುತ್ತ, ಮೂರು ಹೆಜ್ಜೆ ಆಯಿತಾ ಅಂತಲೂ ಗಮನಿಸಬೇಕು. ಒಂದು ಕೈಜಾರಿದರೂ ಎಲ್ಲಾ ಹೋಯಿತು. ಮನಶ್ಶಾಸ್ತ್ರಜ್ಞರು ವರ್ಕಿಂಗ್ ಮೆಮೊರಿ ಅನ್ನುವುದು ಈ ಹಿಡಿದಿಟ್ಟುಕೊಳ್ಳುವಿಕೆಗೆ. ನಾಲ್ಕು ವರ್ಷದ ಮಗುವಿಗೆ ಅಲ್ಲಿ ಜಾಗ ತೀರಾ ಕಡಿಮೆ. ದೊಡ್ಡವರು "ಬೇಗ ಹೇಳು, ಬೇಗ ಹೇಳು" ಅಂತ ನಿಂತರೆ ಆ ಜಾಗದಲ್ಲಿ ಭಯವೂ ಬಂದು ಕೂರುತ್ತದೆ.

ಇನ್ನೊಂದು ಶಕ್ತಿ, ಮೊದಲು ಹೊಳೆದದ್ದನ್ನು ತಡೆಹಿಡಿಯುವುದು. ಅದನ್ನು ಕಣ್ಣಾರೆ ನೋಡಬೇಕೆಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೆರೆ-ದಡ ಆಡಿಸಿ. "ಕೆರೆ" ಅಂದರೆ ಗೆರೆಯೊಳಗೆ ಹಾರಬೇಕು, "ದಡ" ಅಂದರೆ ಹೊರಗೆ. ಕೆರೆ, ದಡ, ಕೆರೆ, ದಡ ಅಂತ ಲಯ ಹಿಡಿಸಿ ಇದ್ದಕ್ಕಿದ್ದಂತೆ "ದಡ, ದಡ" ಅಂದುಬಿಟ್ಟರೆ ಅರ್ಧ ಸಾಲು ಕೆರೆಗೆ ಬಿದ್ದಿರುತ್ತದೆ. ಕಾಲನ್ನು ತಡೆದು ನಿಂತವರು ಉಳಿದರು. ಅಮೆರಿಕದ ಕೆಲವು ಸಂಶೋಧಕರು ತಲೆ ಮುಟ್ಟು ಅಂದರೆ ಕಾಲ್ಬೆರಳು, ಕಾಲ್ಬೆರಳು ಮುಟ್ಟು ಅಂದರೆ ತಲೆ ಮುಟ್ಟಬೇಕಾದ ಪರೀಕ್ಷೆ ಮಾಡಿ, ಅದರಲ್ಲಿ ಗೆಲ್ಲುವ ಮಕ್ಕಳು ಆರಂಭದ ಗಣಿತದಲ್ಲೂ ಮುಂದಿರುತ್ತಾರೆ ಅಂತ ಕಂಡುಕೊಂಡಿದ್ದಾರೆ.

ಲೆಕ್ಕಕ್ಕೂ ಇದಕ್ಕೂ ಏನು ಸಂಬಂಧ? ಜೀನ್ ಪಿಯಾಜೆಯ ಹಳೆಯ ಪ್ರಯೋಗ ಎಲ್ಲ ಬಿ.ಎಡ್ ಓದಿದವರಿಗೂ ಗೊತ್ತು. ಎರಡು ಸಾಲು ಗುಂಡಿ, ಎರಡರಲ್ಲೂ ಅಷ್ಟಷ್ಟೇ. ಮಗು "ಸಮ" ಅನ್ನುತ್ತದೆ. ಒಂದು ಸಾಲನ್ನು ಅಗಲಕ್ಕೆ ಹರಡಿ ಮತ್ತೆ ಕೇಳಿದರೆ, "ಇದರಲ್ಲಿ ಜಾಸ್ತಿ" ಅನ್ನುತ್ತದೆ. ಉದ್ದ ಇದ್ದರೆ ಜಾಸ್ತಿ ಎಂಬ ಮೊದಲ ಅನಿಸಿಕೆಯನ್ನು ತಡೆಯಲಾಗದ್ದು ಇಲ್ಲಿ ಒಂದು ಕಾರಣ. ಇನ್ನೊಂದು ಕಾರಣ ನನಗೆ ಹೆಚ್ಚು ಇಷ್ಟ. 1974ರಲ್ಲಿ ಸ್ಕಾಟ್ಲೆಂಡಿನಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಒಂದು ತುಂಟ ಕರಡಿ ಗೊಂಬೆಯನ್ನು ತಂದರು. ಕರಡಿ ಪೆಟ್ಟಿಗೆಯಿಂದ ನುಗ್ಗಿ ಬಂದು ಸಾಲನ್ನು ಕೆಡಿಸಿತು. ಆಗ ಕೇಳಿದರೆ ಹೆಚ್ಚಿನ ಮಕ್ಕಳು "ಸಮವೇ ಇದೆ" ಅಂದರು. ದೊಡ್ಡವರೊಬ್ಬರು ಗಂಭೀರವಾಗಿ ಸಾಲನ್ನು ಹರಡಿ, ಕೇಳಿದ ಪ್ರಶ್ನೆಯನ್ನೇ ಇನ್ನೊಮ್ಮೆ ಕೇಳಿದಾಗ ಮಗು "ಓಹೋ, ಮೊದಲ ಉತ್ತರ ಸರಿಯಿಲ್ಲ ಅಂತ ಕಾಣುತ್ತೆ" ಅಂದುಕೊಳ್ಳುತ್ತದೆ. ನಮ್ಮ ಕ್ಲಾಸುಗಳಲ್ಲಿ ಮೇಷ್ಟರು "ಇನ್ನೊಂದ್ಸಲ ಹೇಳು" ಅಂದ ಕೂಡಲೇ ಸರಿಯುತ್ತರವನ್ನೂ ಬದಲಿಸಿಬಿಡುವ ಮಕ್ಕಳು ಎಷ್ಟಿಲ್ಲ!

ಕನ್ನಡದ ಮಕ್ಕಳಿಗೆ ಒಂದು ಅನುಕೂಲ ಇದೆ, ಅದನ್ನು ನಾವು ಅಷ್ಟಾಗಿ ಬಳಸಿಕೊಳ್ಳುತ್ತಿಲ್ಲ ಅಂತ ನನ್ನ ದೂರು. ಇಪ್ಪತ್ತರಾಚೆ ನಮ್ಮ ಎಣಿಕೆ ಹತ್ತುಗಳ ಲೆಕ್ಕವನ್ನು ಬಾಯಲ್ಲೇ ಹೇಳುತ್ತದೆ: ಮೂವತ್ತು, ಅದಕ್ಕೊಂದು ಸೇರಿದರೆ ಮೂವತ್ತೊಂದು. ಹನ್ನೊಂದರಿಂದ ಹತ್ತೊಂಬತ್ತರ ತನಕವೂ ಮೊದಲು ಹತ್ತು, ಆಮೇಲೆ ಬಿಡಿ. ಹಿಂದಿಯಲ್ಲಿ ನೂರರ ತನಕ ಹೆಚ್ಚುಕಡಿಮೆ ಪ್ರತಿಯೊಂದನ್ನೂ ಬೇರೆಯಾಗಿ ಬಾಯಿಪಾಠ ಮಾಡಬೇಕು. ಇಂಗ್ಲಿಷಿನಲ್ಲಿ ಇಲೆವೆನ್, ಟ್ವೆಲ್ವ್‌ಗಳಿಗೆ ಹತ್ತರ ಸುಳಿವೇ ಇಲ್ಲ, ಥರ್ಟೀನ್-ಥರ್ಟಿಗಳ ಗೊಂದಲ ಬೇರೆ. ಕೆವಿನ್ ಮಿಲ್ಲರ್ ಮತ್ತು ಜೊತೆಗಾರರು 1995ರಲ್ಲಿ ಚೀನಾ ಮತ್ತು ಅಮೆರಿಕದ ಪುಟ್ಟ ಮಕ್ಕಳನ್ನು ಹೋಲಿಸಿದಾಗ ಹತ್ತರ ತನಕ ಎಣಿಸುವುದರಲ್ಲಿ ಇಬ್ಬರಿಗೂ ವ್ಯತ್ಯಾಸವಿರಲಿಲ್ಲ. ಹತ್ತರಾಚೆ ಅಮೆರಿಕದ ಮಕ್ಕಳು ಎಡವಿದರು. ಚೀನೀ ಎಣಿಕೆ "ಹತ್ತು-ಒಂದು, ಹತ್ತು-ಎರಡು" ಅಂತ ಸಾಗುತ್ತದೆ.

ನನ್ನ ಮಗಳು ಇಪ್ಪತ್ತೊಂಬತ್ತು ಆದ ಮೇಲೆ "ಇಪ್ಪತ್ಹತ್ತು" ಅಂದಳು. ನನಗೆ ಅದು ತಪ್ಪು ಅನ್ನಿಸಲೇ ಇಲ್ಲ. ಯಾರೂ ಹೇಳಿಕೊಡದ ಮಾತನ್ನು ಕಟ್ಟಿದ್ದಾಳೆ ಅಂದರೆ ಸಾಲಿನ ಒಳಗಿನ ಜೋಡಣೆ ಅವಳಿಗೆ ಕಂಡಿದೆ. ಆದರೆ ಊರಿನ ಮುಕ್ಕಾಲು ಮಕ್ಕಳ ಹಾಗೆ ಅವಳೂ ಇಂಗ್ಲಿಷ್ ಮಾಧ್ಯಮಕ್ಕೇ ಹೋಗುವವಳು. ಮನೆಯಲ್ಲಿ ಹದಿಮೂರು, ಶಾಲೆಯಲ್ಲಿ ಥರ್ಟೀನ್. ಎಷ್ಟೋ ಮನೆಗಳಲ್ಲಿ ಈಗ ಅಜ್ಜಿಯಂದಿರೂ "ಟೂ ಇಡ್ಲಿ ಸಾಕಾ, ತ್ರೀ ಬೇಕಾ?" ಅಂತ ಕೇಳುತ್ತಾರೆ. ಶಾಲೆಗೆ ಯಾವ ಭಾಷೆ ಬೇಕೋ ಅದಾಗಲಿ, ಹತ್ತು ಅಂದರೇನು ಅಂತ ಅರ್ಥ ಮಾಡಿಸುವ ಮಟ್ಟಿಗಾದರೂ ಮನೆಯಲ್ಲಿ ಕನ್ನಡದ ಎಣಿಕೆ ಇರಲಿ ಅಂತ ನಾನು ಹಟ ಹಿಡಿದಿದ್ದೇನೆ.

ಮನೆಮಾತಿನಲ್ಲಿ ಎಣಿಕೆ ಎಷ್ಟು ಬರುತ್ತದೆ ಅನ್ನುವುದೂ ಸಣ್ಣ ವಿಷಯವಲ್ಲ. ಷಿಕಾಗೋದ ಸೂಸನ್ ಲಿವೈನ್ ಮತ್ತು ತಂಡ 44 ಕುಟುಂಬಗಳಲ್ಲಿ ಮಗುವಿನ 14ನೇ ತಿಂಗಳಿಂದ 30ನೇ ತಿಂಗಳವರೆಗೆ ಆಗಾಗ ಹೋಗಿ ಮನೆಮಾತನ್ನು ರೆಕಾರ್ಡ್ ಮಾಡಿತು. ಒಟ್ಟು ಏಳೂವರೆ ಗಂಟೆಯ ಮಾತಿನಲ್ಲಿ ಒಂದು ಮನೆಯಲ್ಲಿ ಸಂಖ್ಯೆಯ ಹೆಸರು ನಾಲ್ಕೇ ಸಲ ಬಂದರೆ ಇನ್ನೊಂದು ಮನೆಯಲ್ಲಿ 257 ಸಲ. ಹೆಚ್ಚು ಕೇಳಿಸಿಕೊಂಡ ಮಕ್ಕಳಿಗೆ ನಾಲ್ಕು ವರ್ಷದ ಹೊತ್ತಿಗೆ "ಐದು ಯಾವುದು ತೋರಿಸು" ಅಂದರೆ ತೋರಿಸುವುದು ಹೆಚ್ಚು ಸುಲಭವಾಗಿತ್ತು. ಮುಂದಿನ ಅಧ್ಯಯನದಲ್ಲಿ ತಿಳಿದದ್ದು, ಬರೀ ಬಾಯಲ್ಲಿ ಹೇಳಿದ ಸಂಖ್ಯೆಗಿಂತ ಕಣ್ಣೆದುರಿನ ವಸ್ತುಗಳನ್ನು ತೋರಿಸಿ ಹೇಳಿದ್ದು, ಅದರಲ್ಲೂ ನಾಲ್ಕರಿಂದ ಹತ್ತರವರೆಗಿನ ಗುಂಪುಗಳ ಬಗ್ಗೆ ಆಡಿದ ಮಾತು, ಹೆಚ್ಚು ಫಲ ಕೊಡುತ್ತದೆ ಎಂದು.

ಬೆರಳಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. "ಬೆರಳು ಮಡಿಸಬೇಡ, ತಲೆಯಲ್ಲಿ ಮಾಡು" ಅಂತ ಯುಕೆಜಿ ಮಕ್ಕಳನ್ನು ಗದರಿಸುವುದು ನಮ್ಮಲ್ಲಿ ಮಾಮೂಲು. ನ್ಯಾನ್ಸಿ ಜೋರ್ಡನ್ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಅಧ್ಯಯನ 217 ಮಕ್ಕಳನ್ನು ಕಿಂಡರ್‌ಗಾರ್ಟನ್ನಿನಿಂದ ಎರಡನೇ ತರಗತಿಯ ಕೊನೆಯವರೆಗೆ ಹಿಂಬಾಲಿಸಿತು. ಶುರುವಿನಲ್ಲಿ ಬೆರಳು ಬಳಸಿದ ಮಕ್ಕಳೇ ಹೆಚ್ಚು ಸರಿಯುತ್ತರ ಕೊಟ್ಟರು. ಎರಡನೇ ತರಗತಿ ಮುಗಿಯುವ ಹೊತ್ತಿಗೆ ಅದು ತಿರುಗಿತು, ಇನ್ನೂ ಬೆರಳಿಗೇ ಅಂಟಿಕೊಂಡಿದ್ದವರು ಹಿಂದುಳಿದಿದ್ದರು. ಕಾಲ ಬಂದಾಗ ಬೆರಳು ತಾನಾಗಿ ಬಿಡುತ್ತದೆ, ಅದಕ್ಕೆ ಮುಂಚೆ ಕಿತ್ತುಕೊಳ್ಳುವುದರಲ್ಲಿ ಅರ್ಥವಿಲ್ಲ. ನಮ್ಮಮ್ಮ ಇವತ್ತಿಗೂ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸಿ, ಬೆರಳಿಗೆ ಮೂರರಂತೆ ಒಂದು ಕೈಯಲ್ಲಿ ಹನ್ನೆರಡರ ತನಕ ಎಣಿಸುತ್ತಾರೆ. ಹಾಲಿನ ಲೆಕ್ಕ ಒಂದು ದಿನವೂ ತಪ್ಪಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಓದುವವರು "ಸರಿ, ಆಟ ಆಡಿಸಿದರೆ ಸಾಕು, ಗಣಿತ ತಾನಾಗಿ ಬರುತ್ತೆ" ಅಂದುಕೊಳ್ಳಬಹುದು. ನನಗೂ ಅದು ಇಷ್ಟವಾದ ಉತ್ತರವೇ. ಆದರೆ ದೆಹಲಿಯಲ್ಲಿ ನಡೆದ ಒಂದು ದೊಡ್ಡ ಪ್ರಯೋಗ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮೊಯ್ರಾ ಡಿಲ್ಲನ್, ಹರಿಣಿ ಕಣ್ಣನ್, ಎಸ್ತರ್ ಡುಫ್ಲೊ, ಸ್ಪೆಲ್ಕಿ ಮುಂತಾದವರು ಪ್ರಥಮ್ ಸಂಸ್ಥೆಯ ಜೊತೆ ಸೇರಿ 214 ಬಾಲವಾಡಿಗಳ 1540 ಮಕ್ಕಳಲ್ಲಿ ನಡೆಸಿ, 2017ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಮಕ್ಕಳಿಗೆ ಸರಾಸರಿ ಐದು ವರ್ಷ. ಕೆಲವು ಶಾಲೆಗಳಲ್ಲಿ ನಾಲ್ಕು ತಿಂಗಳು ಚುಕ್ಕೆ ಹೋಲಿಸುವ, ಆಕಾರ ಗುರುತಿಸುವ ಗಣಿತದ ಆಟ. ಕೆಲವು ಕಡೆ ಮುಖಭಾವ ಗುರುತಿಸುವಂಥ ಬೇರೆ ಆಟ. ಉಳಿದ ಕಡೆ ಮಾಮೂಲು ಪಾಠ. ಗಣಿತದ ಆಟ ಆಡಿದವರ ಅಂದಾಜು ಶಕ್ತಿ, ಆಕಾರದ ಅರಿವು ಚೆನ್ನಾಗಿ ಬೆಳೆಯಿತು, ಒಂದು ವರ್ಷದ ಮೇಲೂ ಉಳಿಯಿತು. ಆದರೆ ಒಂದನೇ ತರಗತಿಗೆ ಹೋಗಿ ಅಂಕಿ ಬರೆದು ಕೂಡುವ-ಕಳೆಯುವ ಲೆಕ್ಕ ಕಲಿಯುವಾಗ ಅವರು ಉಳಿದವರಿಗಿಂತ ಮುಂದೇನೂ ಇರಲಿಲ್ಲ.

ನನಗೆ ಈ ಫಲಿತಾಂಶ ಬಹಳ ದಿನ ಕಾಡಿತು. ಅಡಿಪಾಯ ಗಟ್ಟಿಯಾಗಿದೆ, ಆದರೂ ಮೇಲೆ ಗೋಡೆ ಏಳಲಿಲ್ಲ ಅಂದರೆ?

ಉತ್ತರದ ಒಂದು ಎಳೆ 2025ರಲ್ಲಿ ಕೋಲ್ಕತ್ತ ಮತ್ತು ದೆಹಲಿಯ ಸಂತೆಗಳಿಂದ ಬಂತು. ಅಭಿಜಿತ್ ಬ್ಯಾನರ್ಜಿ, ಡುಫ್ಲೊ, ಸ್ಪೆಲ್ಕಿ ಮತ್ತು ಸಂಗಡಿಗರು ಸಂತೆಯಲ್ಲಿ ವ್ಯಾಪಾರ ಮಾಡುವ 1436 ಮಕ್ಕಳನ್ನು ಮಾತಾಡಿಸಿದರು. ಇಷ್ಟು ಗ್ರಾಂ ಆಲೂಗೆಡ್ಡೆ, ಅಷ್ಟು ಗ್ರಾಂ ಈರುಳ್ಳಿ, ಇಷ್ಟರ ನೋಟು ಕೊಟ್ಟರೆ ಚಿಲ್ಲರೆ ಎಷ್ಟು ಎಂಬುದನ್ನು ಬಹುತೇಕ ಎಲ್ಲರೂ ಕಾಗದ-ಪೆನ್ನಿಲ್ಲದೆ ಸರಿಯಾಗಿ ಹೇಳಿದರು. ಅಷ್ಟೇ ಕಷ್ಟದ, ಅಥವಾ ಅದಕ್ಕಿಂತ ಸುಲಭದ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಬರೆದುಕೊಟ್ಟರೆ ಕೈ ಕಟ್ಟಿ ಕೂತರು. ಹತ್ತಿರದ ಶಾಲೆಗಳ 471 ಮಕ್ಕಳದ್ದು ತದ್ವಿರುದ್ಧ ಕಥೆ. ಬರೆದ ಸರಳ ಲೆಕ್ಕವನ್ನು ಅವರು ಸಂತೆಯ ಮಕ್ಕಳಿಗಿಂತ ಚೆನ್ನಾಗಿ ಮಾಡಿದರು. ಆದರೆ ಸಂತೆಯ ಮಕ್ಕಳಲ್ಲಿ ಮೂರರಲ್ಲೊಬ್ಬರಿಗಿಂತ ಹೆಚ್ಚು ಜನ ಬಿಡಿಸಿದ್ದ ಒಂದು ವ್ಯಾಪಾರದ ಲೆಕ್ಕವನ್ನು ಬಿಡಿಸಿದ್ದು ಇವರಲ್ಲಿ ನೂರಕ್ಕೆ ಒಬ್ಬರು. ಎರಡೂ ಕಡೆ ಗಣಿತವಿದೆ, ನಡುವೆ ದಾರಿಯಿಲ್ಲ.

ಬರೀ ಆಟವಾಗಲಿ, ಬರೀ ಪಾಠವಾಗಲಿ ಈ ದಾರಿಯನ್ನು ಹಾಕಿಕೊಡುವುದಿಲ್ಲ ಅಂತ ನನಗೆ ಈಗ ಅನ್ನಿಸಿದೆ. ಕಣ್ಣಿಗೆ ಕಾಣುವ ಮೂರು ಕವಡೆ, ಬಾಯಲ್ಲಿ ಬರುವ "ಮೂರು", ಹಲಗೆ ಮೇಲಿನ 3, ಈ ಮೂರನ್ನೂ ಒಟ್ಟಿಗೆ, ಒಂದೇ ಹೊತ್ತಿನಲ್ಲಿ, ಮಗುವಿನ ಎದುರು ತರಲು ಯಾರಾದರೂ ಒಬ್ಬರು ಪಕ್ಕದಲ್ಲಿ ಬೇಕು. ಗಮನಿಸಿ, ಸೀಗ್ಲರ್ ಅವರ ಗೆದ್ದ ಹಲಗೆಯಲ್ಲಿ ಆಟದ ಒಳಗೇ ಅಂಕಿ ಇತ್ತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೇಷ್ಟ್ರುಗಳೇ ಕಟ್ಟಿದ ನಲಿ-ಕಲಿಯಲ್ಲೂ ಆಟಕ್ಕೊಂದು ಕಾರ್ಡು, ಬರೆಯುವುದಕ್ಕೊಂದು ಕಾರ್ಡು ಒಂದರ ಬೆನ್ನಿಗೊಂದು ಬರುತ್ತವೆ. ಅದರ ವಿನ್ಯಾಸದ ಜಾಣತನ ಇರುವುದು ಆ ಬೆನ್ನಿಗೊಂದು ಎಂಬುದರಲ್ಲಿ. ಮೂವತ್ತು ಮಕ್ಕಳಿಗೆ ಒಬ್ಬರೇ ಟೀಚರ್ ಆದಾಗ ಕಾರ್ಡು ಉಳಿದು ಪಕ್ಕದಲ್ಲಿ ಕೂರುವವರು ಇಲ್ಲವಾಗುತ್ತಾರೆ, ಅದು ಕಾರ್ಡಿನ ತಪ್ಪಲ್ಲ.

ಬೀದಿಗೊಂದರಂತೆ ಎದ್ದಿರುವ ಅಬ್ಯಾಕಸ್ ಕ್ಲಾಸುಗಳ ಬಗ್ಗೆ ಕೇಳುವವರಿದ್ದಾರೆ. ವಡೋದರಾದ ಒಂದು ಶಾಲೆಯಲ್ಲಿ ಡೇವಿಡ್ ಬಾರ್ನರ್ ತಂಡ ಮೂರು ವರ್ಷ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ್ದಾರೆ: ಕೂಡುವ-ಕಳೆಯುವ ವೇಗ ಬಂತು, ನೆನಪಿನ ಶಕ್ತಿ ಗಿಕ್ತಿ ಏನೂ ಬೆಳೆಯಲಿಲ್ಲ. "ಮೆದುಳಿನ ಎರಡೂ ಭಾಗ ಚುರುಕಾಗುತ್ತದೆ" ಅಂತ ಬೋರ್ಡಿನಲ್ಲಿ ಬರೆದಿದ್ದರೆ ಆ ಸಾಲಿಗೆ ದುಡ್ಡು ಕೊಡಬೇಡಿ.

ಹೀಗಾಗಿ ನಮ್ಮ ಹಜಾರದಲ್ಲಿ ಚೌಕಾಬಾರದ ಪಕ್ಕ ಈಗ ಇನ್ನೊಂದು ಗೆರೆ ಬಂದಿದೆ. ಕವಡೆ ಬಿದ್ದಾಗ ಮಗಳು ಮೊದಲು ಅಷ್ಟು ಚುಕ್ಕೆ ಇಡುತ್ತಾಳೆ, ಚುಕ್ಕೆಯ ಕೆಳಗೆ ಅಂಕಿ ಬರೆಯುತ್ತಾಳೆ, ಆಮೇಲೆ ಕಾಯಿ. 3 ಎಷ್ಟೋ ಸಲ ಉಲ್ಟಾ ಮುಖ ಮಾಡಿರುತ್ತದೆ. ಆ ವಯಸ್ಸಿಗೆ ಅದು ಎಲ್ಲ ಮಕ್ಕಳಲ್ಲೂ ಇದ್ದದ್ದೇ, ನಾವು ತಲೆ ಕೆಡಿಸಿಕೊಂಡಿಲ್ಲ. ಶಾಲೆಯಿಂದ ಮಾತ್ರ ಚೌಕದ ಪುಸ್ತಕದಲ್ಲಿ 1ರಿಂದ 50ರ ತನಕ ಬರೆದು ತರುವ ಹೋಂವರ್ಕ್ ಬರುತ್ತದೆ. ಮೊನ್ನೆ ಪೋಷಕರ ಸಭೆಯಲ್ಲಿ ಕೇಳಿದೆ, "ಮಿಸ್, 50ರ ಬದಲು 8ರ ತನಕ ಬರೆದು, ಪಕ್ಕದಲ್ಲಿ ಅಷ್ಟಷ್ಟು ಚುಕ್ಕೆ ಇಟ್ಟು ತರಬಹುದಾ?" ಅಂತ. ಅವರು ಒಳ್ಳೆಯವರು, ಯೋಚಿಸಿ, "ಚೆನ್ನಾಗಿರತ್ತೆ ಸರ್, ನನಗೂ ಅದೇ ಇಷ್ಟ. ಆದ್ರೆ ಪುಸ್ತಕ ಖಾಲಿ ಇದ್ರೆ ಬೇರೆ ಪೇರೆಂಟ್ಸ್ ನನ್ನನ್ನ ಕೇಳ್ತಾರೆ. ಚುಕ್ಕೆನೂ ಇಡ್ಲಿ, 50ರ ತನಕಾನೂ ಬರೀಲಿ" ಅಂದರು.